ಜರ್ಮನಿಗೆ ಅರ್ಜಿ ಹಾಕುವ ಮುನ್ನ ನಿಮ್ಮ ಸಿಲಬಸ್ ಓದಿ

ಎಂಜಿನಿಯರಿಂಗ್ ಆರನೇ ಸೆಮಿಸ್ಟರಿಗೆ ಬಂದ ಮಕ್ಕಳು ಜರ್ಮನಿಯ ವಿಷಯ ಎತ್ತಿದಾಗ ಮೊದಲು ಕೇಳುವುದು ‘ಸರ್, ಸೀಟು ಸಿಗುತ್ತಾ?’ ಎಂದು. ಸಿಇಟಿ ರ‍್ಯಾಂಕು, ಕಟ್‌ಆಫ್, ಆಪ್ಷನ್ ಎಂಟ್ರಿ, ಮ್ಯಾನೇಜ್‌ಮೆಂಟ್ ಕೋಟಾಗಳ ನಡುವೆ ಬೆಳೆದವರಿಗೆ ಬೇರೆ ಪ್ರಶ್ನೆ ಹೊಳೆಯುವುದು ಕಷ್ಟ. ಒಬ್ಬರು ಹಿಂದೆ ಬಿದ್ದರೆ ಮಾತ್ರ ಇನ್ನೊಬ್ಬರಿಗೆ ಜಾಗ ಎಂಬುದನ್ನು ಅವರು ಪಿಯುಸಿಯಿಂದಲೇ ನೋಡಿಕೊಂಡು ಬಂದಿದ್ದಾರೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲೂ ಹೀಗೆ ಸ್ಥಾನಗಳನ್ನು ಎಣಿಸಿ ಕೊಡುವ ಕೋರ್ಸುಗಳಿವೆ. ಅವನ್ನು ‘ಎನ್‌ಸಿ’ ಎಂದು ಗುರುತಿಸುತ್ತಾರೆ. ಆದರೆ ಸಂಖ್ಯೆಯ ಮಿತಿಯೇ ಇಲ್ಲದ ಕೋರ್ಸುಗಳೂ ಅಲ್ಲಿ ಬೇಕಾದಷ್ಟಿವೆ. ನಿಯಮದಲ್ಲಿ ಬರೆದಿರುವ ಅರ್ಹತೆ ನಿಮ್ಮಲ್ಲಿದೆ ಎಂದು ದಾಖಲೆಯಿಂದ ತೋರಿಸಿದರೆ ಅಲ್ಲಿ ಪ್ರವೇಶ ಸಿಗುತ್ತದೆ. ನಿಮ್ಮ ಹಿಂದೆ ಎಷ್ಟು ಜನ ನಿಂತಿದ್ದಾರೆ, ಮುಂದೆ ಎಷ್ಟು ಜನ ಇದ್ದಾರೆ ಎಂಬುದು ಲೆಕ್ಕಕ್ಕೇ ಬರುವುದಿಲ್ಲ.

ನಮ್ಮ ಮಕ್ಕಳಿಗೆ ಇದನ್ನು ನಂಬಿಸಲು ಸಮಯ ಹಿಡಿಯುತ್ತದೆ. ನಂಬಿದ ಮೇಲೆ ಅವರು ಮಾಡಬೇಕಾದ ಕೆಲಸವೇ ಬೇರೆಯಾಗುತ್ತದೆ. ರ‍್ಯಾಂಕಿಂಗ್ ಪಟ್ಟಿ ಪಕ್ಕಕ್ಕಿಟ್ಟು, ನಾಲ್ಕು ವರ್ಷದಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಬಿಟ್ಟರೆ ಯಾರೂ ತೆರೆದು ನೋಡದ ಸಿಲಬಸ್ ಪ್ರತಿಯನ್ನು ಹೊರತೆಗೆಯಬೇಕು. ಅರ್ಜಿಯ ಹಣೆಬರಹ ಬಹುಮಟ್ಟಿಗೆ ತೀರ್ಮಾನವಾಗುವುದು ಅಲ್ಲಿ.

ಜರ್ಮನಿಯ ಪ್ರತಿ ಮಾಸ್ಟರ್ಸ್ ಕೋರ್ಸಿಗೂ ಒಂದು ಪ್ರವೇಶ ನಿಯಮಾವಳಿ ಇರುತ್ತದೆ. ಅದರಲ್ಲಿ ನೀವು ಪದವಿಯಲ್ಲಿ ಯಾವ ವಿಷಯ ಎಷ್ಟು ಓದಿರಬೇಕು ಎಂದು ಕ್ರೆಡಿಟ್ ಲೆಕ್ಕದಲ್ಲಿ ಬರೆದಿರುತ್ತಾರೆ: ಗಣಿತ ಇಷ್ಟು, ಪ್ರೋಗ್ರಾಮಿಂಗ್ ಇಷ್ಟು, ಥರ್ಮೋಡೈನಮಿಕ್ಸ್ ಇಷ್ಟು. ಅಲ್ಲಿಯ ಕ್ರೆಡಿಟ್ಟಿನ ಹೆಸರು ಇಸಿಟಿಎಸ್. ಒಂದು ಕ್ರೆಡಿಟ್ ಎಂದರೆ ತರಗತಿ, ಮನೆ ಓದು, ಪರೀಕ್ಷೆ ಎಲ್ಲ ಸೇರಿ 25ರಿಂದ 30 ಗಂಟೆಯ ದುಡಿಮೆ. ವರ್ಷಕ್ಕೆ 60, ಮೂರು ವರ್ಷದ ಪದವಿಗೆ 180. ನಮ್ಮ ವಿಟಿಯು 2022ರ ಸ್ಕೀಮಿನಲ್ಲಿ ನಾಲ್ಕು ವರ್ಷಕ್ಕೆ 160 ಕ್ರೆಡಿಟ್. ಬರೀ ಅಂಕಿ ನೋಡಿದವರಿಗೆ ನಮ್ಮ ನಾಲ್ಕು ವರ್ಷದ ಬಿ.ಇ. ಅವರ ಮೂರು ವರ್ಷದ ಪದವಿಗಿಂತ ಚಿಕ್ಕದು ಎನ್ನಿಸಬಹುದು. ವರ್ಷಕ್ಕೆ 60ರಂತೆ ನಾಲ್ಕು ವರ್ಷವನ್ನು 240 ಎಂದು ಹಿಡಿದರೆ ನಮ್ಮ ಒಂದು ಕ್ರೆಡಿಟ್ ಅವರ ಒಂದೂವರೆಗೆ ಸಮವಾಗುತ್ತದೆ. ಎಲ್ಲ ವಿಶ್ವವಿದ್ಯಾಲಯಗಳೂ ಇದೇ ಲೆಕ್ಕ ಒಪ್ಪುವುದಿಲ್ಲ. ಕೆಲವರು ಪಾಠದ ಗಂಟೆಗಳನ್ನೂ ವಿಷಯದ ಆಳವನ್ನೂ ನೋಡುತ್ತಾರೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬಳು ಗಣಿತದ ಮೂರು ಪೇಪರು ಓದಿದ್ದಾಳೆ, ತಲಾ 4 ಕ್ರೆಡಿಟ್. ನಮ್ಮ ಲೆಕ್ಕಕ್ಕೆ 12, ಅವರ ಲೆಕ್ಕಕ್ಕೆ 18. ಅವಳು ಆಸೆಪಟ್ಟ ಕೋರ್ಸು ಗಣಿತದಲ್ಲಿ 20 ಕೇಳುತ್ತದೆ. ಅವಳ ಸಿಜಿಪಿಎ 9 ಇರಬಹುದು, ಕಾಲೇಜಿಗೇ ಮೊದಲಿಗಳಾಗಿರಬಹುದು. ಆ ಎರಡು ಕ್ರೆಡಿಟ್ ಕೊರತೆಗೆ ಅರ್ಜಿ ವಾಪಸ್ ಬರುವ ಸಾಧ್ಯತೆ ಇದ್ದೇ ಇದೆ. ಕೆಲವು ಕಡೆ ಕೊರತೆ ಸಣ್ಣದಿದ್ದರೆ ಷರತ್ತಿನ ಪ್ರವೇಶ ಕೊಟ್ಟು, ಮೊದಲ ವರ್ಷದಲ್ಲೇ ಆ ಪದವಿ ಪಾಠಗಳನ್ನು ಓದಿ ಪಾಸಾಗಿ ಎನ್ನುತ್ತಾರೆ. ಇದೇ ಹುಡುಗಿ ಐದನೇ ಸೆಮಿಸ್ಟರಿನಲ್ಲೇ ಈ ನಿಯಮಾವಳಿ ಓದಿದ್ದರೆ ಓಪನ್ ಎಲೆಕ್ಟಿವ್‌ನಲ್ಲಿ ಗೆಳತಿಯರು ತೆಗೆದುಕೊಂಡ ಸುಲಭದ ವಿಷಯ ಬಿಟ್ಟು ನ್ಯೂಮರಿಕಲ್ ಮೆಥಡ್ಸ್ ಆರಿಸಿಕೊಳ್ಳುತ್ತಿದ್ದಳು. ಜರ್ಮನಿಯ ಅರ್ಜಿ ಎಲೆಕ್ಟಿವ್ ಆರಿಸುವ ದಿನವೇ ಶುರುವಾಗುತ್ತದೆ ಎಂದು ನಾನು ತರಗತಿಯಲ್ಲಿ ಹೇಳುತ್ತಲೇ ಇರುತ್ತೇನೆ. ನಮ್ಮ ಕಾಲೇಜುಗಳ ಪ್ಲೇಸ್‌ಮೆಂಟ್ ಅಧಿಕಾರಿಗಳಾಗಲಿ ಮೆಂಟರುಗಳಾಗಲಿ ಈ ಮಾತನ್ನು ಮಕ್ಕಳಿಗೆ ಮುಟ್ಟಿಸುತ್ತಿಲ್ಲ ಎಂಬುದು ನನಗೆ ನಿಜವಾದ ಬೇಸರ.

ಮೆಕ್ಯಾನಿಕಲ್ ಓದಿ ಡೇಟಾ ಸೈನ್ಸಿಗೆ, ಸಿವಿಲ್ ಓದಿ ಕಂಪ್ಯೂಟರ್ ಸೈನ್ಸಿಗೆ ಹಾರುವ ಆಸೆ ನಮ್ಮಲ್ಲಿ ಬಹಳ. ಆನ್‌ಲೈನ್ ಸರ್ಟಿಫಿಕೇಟುಗಳನ್ನು ರಾಶಿ ಹಾಕಿಕೊಂಡರೆ ದಾಟಬಹುದು ಎಂದು ನಂಬುವವರಿದ್ದಾರೆ. ಜರ್ಮನಿಯಲ್ಲಿ ಇದು ನಡೆಯುವುದು ತೀರಾ ಕಡಿಮೆ. ಅಂಕಪಟ್ಟಿಯಲ್ಲಿರುವ ವಿಷಯಗಳೇ ಎಣಿಕೆಗೆ ಬರುತ್ತವೆ. ಇಬ್ಬಗೆಯ ಕೋರ್ಸುಗಳು, ಅಂದರೆ ಕಂಪ್ಯುಟೇಶನಲ್ ಮೆಕ್ಯಾನಿಕ್ಸ್, ಮೆಕಾಟ್ರಾನಿಕ್ಸ್‌ನಂಥವು, ಇಂಥವರಿಗೆ ಹೆಚ್ಚು ಹತ್ತಿರ.

ಇದೇ ವ್ಯವಸ್ಥೆಯ ಇನ್ನೊಂದು ಮುಖ ನಮ್ಮ ಜಿಲ್ಲಾ ಕೇಂದ್ರಗಳ ಮಕ್ಕಳಿಗೆ ಗೊತ್ತಾಗಬೇಕು. ಜರ್ಮನ್ನರು ವಿದೇಶಿ ಪದವಿಗಳನ್ನು ತೂಗಲು ‘ಅನಾಬಿನ್’ ಎಂಬ ಸರ್ಕಾರಿ ದತ್ತಾಂಶ ಇಟ್ಟುಕೊಂಡಿದ್ದಾರೆ. ಪದವಿ ಕೊಟ್ಟ ವಿಶ್ವವಿದ್ಯಾಲಯಕ್ಕೆ ಅಲ್ಲಿ ‘ಎಚ್ ಪ್ಲಸ್’ ಗುರುತಿದ್ದರೆ ಮಾನ್ಯತೆಯ ಪ್ರಶ್ನೆ ಮುಗಿಯಿತು. ವಿಟಿಯು ಅಡಿಯಲ್ಲಿ ಓದಿದವರು ಹಾವೇರಿಯ ಕಾಲೇಜಿನವರೋ ಬೆಂಗಳೂರಿನ ಹೆಸರಾಂತ ಕಾಲೇಜಿನವರೋ ಎಂಬುದು ಆ ಮಾನ್ಯತೆಯನ್ನು ಬದಲಿಸುವುದಿಲ್ಲ. ಕಾಲೇಜಿನ ಬೋರ್ಡು ನೋಡಿ ಮಕ್ಕಳನ್ನು ಅಳೆಯುವ ನಮ್ಮ ಕ್ಯಾಂಪಸ್ ಸಂದರ್ಶನಗಳಲ್ಲಿ ಸೋತು ಬಂದವರಿಗೆ ಇದು ಸಣ್ಣ ಸಮಾಧಾನವಲ್ಲ.

ಇನ್ನು ಅಂಕದ ಲೆಕ್ಕ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಪಾಸಿನ ಅಂಚು. ನಮ್ಮ ಅಂಕವನ್ನು ಅದಕ್ಕೆ ಇಳಿಸಲು ‘ಬವೇರಿಯಾ ಸೂತ್ರ’ ಬಳಸುತ್ತಾರೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಗರಿಷ್ಠದಿಂದ ಪಾಸಾಗಲು ಬೇಕಾದ ಕನಿಷ್ಠ ಅಂಕ ಕಳೆಯಿರಿ. ಮೊದಲ ಉತ್ತರವನ್ನು ಎರಡನೆಯದರಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ನೂರಕ್ಕೆ 70 ತೆಗೆದವರಿಗೆ ಪಾಸಿನ ಅಂಕ 40 ಇದ್ದರೆ 2.5 ಬರುತ್ತದೆ. ಅದೇ 70ಕ್ಕೆ ಪಾಸಿನ ಅಂಕ 50 ಎಂದು ಹಿಡಿದರೆ 2.8. ಕೋರ್ಸು ಕೇಳುವುದು 2.5 ಆಗಿದ್ದರೆ ಒಬ್ಬರು ಒಳಗೆ, ಅಷ್ಟೇ ಅಂಕ ತೆಗೆದ ಇನ್ನೊಬ್ಬರು ಹೊರಗೆ. ನಿಮ್ಮ ವಿಶ್ವವಿದ್ಯಾಲಯದ ಪಾಸಿನ ಅಂಕ ಎಷ್ಟು ಎಂಬುದು ಅಂಕಪಟ್ಟಿಯಲ್ಲೋ ಟ್ರಾನ್‌ಸ್ಕ್ರಿಪ್ಟಿನಲ್ಲೋ ಸ್ಪಷ್ಟವಾಗಿ ಅಚ್ಚಾಗಿರಬೇಕು. ಇಲ್ಲದಿದ್ದರೆ ಪರೀಕ್ಷಾಂಗ ಕುಲಸಚಿವರ ಕಚೇರಿಯಿಂದ ಗ್ರೇಡಿಂಗ್ ಪದ್ಧತಿಯ ಪತ್ರ ಬರೆಸಿಕೊಳ್ಳಿ. ಒಂದು ಹಾಳೆಯ ಈ ಪತ್ರಕ್ಕಾಗಿ ಎರಡು ಸಲ ಅಲೆದರೂ ಅದು ವ್ಯರ್ಥವಲ್ಲ.

ಕ್ಯಾಲೆಂಡರ್ ಕೂಡ ನಮ್ಮ ರೂಢಿಗೆ ಹೊಂದುವುದಿಲ್ಲ. ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ಕ್ಕೆ, ಬೇಸಿಗೆಯದು ಏಪ್ರಿಲ್ 1ಕ್ಕೆ ಶುರು. ಅರ್ಜಿಗೆ ಜುಲೈ 15 ಮತ್ತು ಜನವರಿ 15 ಎಂಬ ಕಡೆಯ ದಿನಗಳನ್ನು ಎಲ್ಲರೂ ಬಾಯಿಪಾಠ ಮಾಡಿಕೊಂಡಿದ್ದಾರೆ. ಆದರೆ ಹೆಸರಿರುವ ಕಡೆ ಬಾಗಿಲು ಅದಕ್ಕೂ ಮೊದಲೇ ಮುಚ್ಚುತ್ತದೆ. ಆಖೆನ್‌ನ ಆರ್‌ಡಬ್ಲ್ಯುಟಿಎಚ್ ಮಾಸ್ಟರ್ಸ್‌ಗೆ ಯುರೋಪ್ ಒಕ್ಕೂಟದ ಹೊರಗಿನವರಿಂದ ಮಾರ್ಚ್ 1ರ ಒಳಗೆ ಅರ್ಜಿ ಕೇಳುವುದು ವಾಡಿಕೆ; ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಬಹುತೇಕ ಕೋರ್ಸುಗಳಿಗೆ ಮೇ 31. ಆ ಹೊತ್ತಿಗೆ ನಮ್ಮ ಮಕ್ಕಳು ಎಂಟನೇ ಸೆಮಿಸ್ಟರಿನ ಪ್ರಾಜೆಕ್ಟ್ ವರದಿಗೆ ಬೈಂಡಿಂಗ್ ಹಾಕಿಸುತ್ತಾ ಇರುತ್ತಾರೆ. ಅದುವರೆಗಿನ ಅಂಕಪಟ್ಟಿಗಳ ಮೇಲೆ ಅರ್ಜಿ ಹಾಕಿ, ಪದವಿ ಪ್ರಮಾಣಪತ್ರವನ್ನು ದಾಖಲಾತಿಯ ವೇಳೆಗೆ ಕೊಡಲು ಹಲವು ಕಡೆ ಅವಕಾಶವಿದೆ. ಬ್ಯಾಕ್‌ಲಾಗ್ ಇಟ್ಟುಕೊಂಡವರಿಗೆ ಮಾತ್ರ ಇಲ್ಲಿ ಉಸಿರು ಕಟ್ಟುತ್ತದೆ.

ಅರ್ಜಿ ತಲುಪಿಸುವ ದಾರಿಯೂ ಒಂದೇ ಅಲ್ಲ. ಕೆಲವು ವಿಶ್ವವಿದ್ಯಾಲಯಗಳು ನೇರವಾಗಿ ತಮ್ಮ ಪೋರ್ಟಲ್‌ನಲ್ಲೇ ತೆಗೆದುಕೊಳ್ಳುತ್ತವೆ. ಇನ್ನು ಹಲವು, 2003ರಲ್ಲಿ ವಿಶ್ವವಿದ್ಯಾಲಯಗಳೇ ಸೇರಿ ಬರ್ಲಿನ್‌ನಲ್ಲಿ ಕಟ್ಟಿಕೊಂಡ ‘ಯೂನಿ-ಅಸಿಸ್ಟ್’ ಮೂಲಕ ಬನ್ನಿ ಎನ್ನುತ್ತವೆ. ಅಲ್ಲಿ ಮೊದಲ ಆಯ್ಕೆಗೆ 75 ಯೂರೊ, ಅದೇ ಸೆಮಿಸ್ಟರಿನ ಪ್ರತಿ ಹೆಚ್ಚುವರಿ ಆಯ್ಕೆಗೆ 30 ಯೂರೊ. ಐದು ಕಡೆ ಹಾಕಿದರೆ 195 ಯೂರೊ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದಂಥವು ಯೂನಿ-ಅಸಿಸ್ಟ್‌ನಿಂದ ‘ವಿಪಿಡಿ’ ಎಂಬ ಪೂರ್ವ ಪರಿಶೀಲನಾ ಪತ್ರ ಮಾತ್ರ ತರಿಸಿಕೊಂಡು, ಅರ್ಜಿಯನ್ನು ತಾವೇ ನೋಡುತ್ತವೆ. ಈ ಪತ್ರ ಬರಲು ವಾರಗಳೇ ಹಿಡಿಯಬಹುದು. ಕಡೆಯ ದಿನಕ್ಕೆ ಹತ್ತು ದಿನ ಇರುವಾಗ ಓಡಾಡಿದವರು ವರ್ಷ ಕಳೆದುಕೊಂಡದ್ದನ್ನು ನೋಡಿದ್ದೇನೆ.

ಇವೆಲ್ಲಕ್ಕೂ ಮೊದಲಿನ ಮೆಟ್ಟಿಲು ಎಪಿಎಸ್. ಇದು ದೆಹಲಿಯಲ್ಲಿರುವ, ನಮ್ಮ ಶೈಕ್ಷಣಿಕ ದಾಖಲೆಗಳು ಅಸಲಿಯೇ ಎಂದು ಪರಿಶೀಲಿಸುವ ಜರ್ಮನ್ ಕಚೇರಿ. 2022ರ ನವೆಂಬರ್ 1ರಿಂದ ಭಾರತೀಯ ವಿದ್ಯಾರ್ಥಿಗಳ ವೀಸಾ ಅರ್ಜಿಗೆ ಇದರ ಪ್ರಮಾಣಪತ್ರ ಕಡ್ಡಾಯವಾಯಿತು. ಚೀನಾದಲ್ಲಿ 2001ರಿಂದಲೇ ಇಂಥ ಕಚೇರಿ ಇದೆ. ನಮ್ಮಲ್ಲಿ ಇದರ ಶುಲ್ಕ 18,000 ರೂಪಾಯಿ. ‘ನಮ್ಮನ್ನು ಕಳ್ಳರಂತೆ ನೋಡುತ್ತಾರೆ’ ಎಂದು ಆಗ ಸಿಟ್ಟಾದವರು ಬಹಳ. ನನ್ನ ಅಭಿಪ್ರಾಯ ಬೇರೆ. ನಕಲಿ ಅಂಕಪಟ್ಟಿಯ ದಂಧೆ ನಮ್ಮ ದೇಶದಲ್ಲಿ ಇರುವುದು ಸುಳ್ಳಲ್ಲ. ಅದರ ಅನುಮಾನ ಪ್ರಾಮಾಣಿಕ ಮಕ್ಕಳ ಮೇಲೂ ಬೀಳುತ್ತಿತ್ತು. ಒಮ್ಮೆ ಪರಿಶೀಲನೆ ಮುಗಿದರೆ ಆ ಭಾರ ಇಳಿಯುತ್ತದೆ. ಆದರೆ 18,000 ರೂಪಾಯಿ ಎಂಬುದು, ಪ್ರವೇಶ ಸಿಗುವುದೋ ಇಲ್ಲವೋ ಗೊತ್ತಿಲ್ಲದ ಹಂತದಲ್ಲಿ, ರೇಷ್ಮೆ ಗೂಡು ಮಾರಿ ಮಗಳನ್ನು ಓದಿಸುವ ಕುಟುಂಬಕ್ಕೆ ದೊಡ್ಡ ಮೊತ್ತ. ಬಡ ಕುಟುಂಬದವರಿಗೆ ಇದರಲ್ಲಿ ರಿಯಾಯಿತಿ ಇರಲೇಬೇಕಿತ್ತು.

ಈ ಕೋರ್ಸು ಯಾಕೆ ಎಂದು ವಿವರಿಸಿ ಬರೆಯುವ ಪತ್ರದ, ಅಂದರೆ ಎಸ್‌ಒಪಿಯ, ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ಬಾಲ್ಯದಿಂದಲೂ ಯಂತ್ರಗಳೆಂದರೆ ನನಗೆ ಕುತೂಹಲ’ ಎಂದು ಶುರುವಾಗುವ ಪತ್ರ ಅಲ್ಲಿಯವರನ್ನು ಅಲುಗಾಡಿಸುವುದಿಲ್ಲ. ಕೋರ್ಸಿನ ಮಾಡ್ಯೂಲ್ ಕೈಪಿಡಿಯಲ್ಲಿ ಯಾವ ಪಾಠ ನಿಮ್ಮ ಪ್ರಾಜೆಕ್ಟಿನ ಮುಂದುವರಿಕೆ ಎಂದು ಎರಡು ಪುಟದಲ್ಲಿ ನೇರವಾಗಿ ಬರೆಯಿರಿ. ಶಿಫಾರಸು ಪತ್ರಗಳನ್ನು ವಿದ್ಯಾರ್ಥಿಯೇ ಬರೆದು ತಂದು, ಎಚ್‌ಒಡಿ ಓದದೆ ಸಹಿ ಹಾಕುವ ನಮ್ಮ ಪದ್ಧತಿ ನಿಲ್ಲಬೇಕು. ಇದರ ತಪ್ಪು ಅಧ್ಯಾಪಕರದ್ದು, ಮಕ್ಕಳದ್ದಲ್ಲ.

ಪಿಯುಸಿ ಮುಗಿದ ಕೂಡಲೇ ಕಳಿಸಬಹುದೇ ಎಂದು ಕೇಳುವ ತಂದೆ ತಾಯಂದಿರೂ ಹೆಚ್ಚುತ್ತಿದ್ದಾರೆ. ನಮ್ಮ ಹನ್ನೆರಡನೇ ತರಗತಿಯೊಂದನ್ನೇ ಹಿಡಿದು ಅಲ್ಲಿ ನೇರ ಪ್ರವೇಶ ಸಿಗುವುದಿಲ್ಲ. ಜೆಇಇ ಅಡ್ವಾನ್ಸ್ಡ್ ಪಾಸಾದವರಿಗೆ ತಾಂತ್ರಿಕ ವಿಷಯಗಳ ಬಾಗಿಲು ತೆರೆಯುತ್ತದೆ. ಮಾನ್ಯ ಭಾರತೀಯ ಸಂಸ್ಥೆಯಲ್ಲಿ ಒಂದು ವರ್ಷ ಪದವಿ ಓದಿ ಪಾಸಾದವರಿಗೆ ಅದೇ ವಿಷಯದ ಪದವಿಗೆ ದಾರಿಯಿದೆ. ಉಳಿದವರಿಗೆ ‘ಶ್ಟೂಡಿಯೆನ್‌ಕೊಲೆಗ್’ ಎಂಬ ಒಂದು ವರ್ಷದ ಪೂರ್ವಸಿದ್ಧತಾ ಶಾಲೆ, ಅದಕ್ಕೂ ಜರ್ಮನ್ ಭಾಷೆಯಲ್ಲಿ ಪ್ರವೇಶ ಪರೀಕ್ಷೆ. ಪದವಿ ಮಟ್ಟದಲ್ಲಿ ಇಂಗ್ಲಿಷ್ ಮಾಧ್ಯಮದ ಕೋರ್ಸು ಬಲು ಕಡಿಮೆ. ಹದಿನೆಂಟರ ಮಗುವಿಗೆ ಜರ್ಮನ್ ಗಟ್ಟಿಯಾಗಿ ಬರುವ ತನಕ ಅವಸರ ಮಾಡದಿರುವುದು ಒಳ್ಳೆಯದು.

‘ಜರ್ಮನಿಯಲ್ಲಿ ಓದು ಪುಕ್ಕಟೆ’ ಎಂಬ ಮಾತನ್ನು ಸರಿಯಾಗಿ ತಿಳಿದುಕೊಳ್ಳಬೇಕು. 2005ರ ಜನವರಿಯಲ್ಲಿ ಅಲ್ಲಿಯ ಸಾಂವಿಧಾನಿಕ ನ್ಯಾಯಾಲಯ ಶುಲ್ಕ ವಿಧಿಸಲು ರಾಜ್ಯಗಳಿಗೆ ಅವಕಾಶ ಕೊಟ್ಟಿತು. ಕೆಲವು ರಾಜ್ಯಗಳು ಸೆಮಿಸ್ಟರಿಗೆ 500 ಯೂರೊವರೆಗೆ ವಸೂಲಿ ಶುರು ಮಾಡಿದವು. ವಿದ್ಯಾರ್ಥಿಗಳು ಬೀದಿಗಿಳಿದರು, ಚುನಾವಣೆಗಳಲ್ಲಿ ಅದು ವಿಷಯವಾಯಿತು, ಒಂದೊಂದೇ ರಾಜ್ಯ ಹಿಂದೆ ಸರಿಯಿತು. 2014ರಲ್ಲಿ ಕೊನೆಯದಾಗಿ ಲೋಯರ್ ಸ್ಯಾಕ್ಸನಿ ಕೈಬಿಟ್ಟಿತು. ಪರದೇಶದ ಮಕ್ಕಳಿಗೂ ಆ ರಿಯಾಯಿತಿ ಸಿಗುತ್ತಿರುವುದು ಆ ಹೋರಾಟದ ಫಲ. ಆದರೆ ಈಗ ಅದು ಎಲ್ಲೆಡೆ ಒಂದೇ ತರಹ ಉಳಿದಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರ ಚಳಿಗಾಲದಿಂದ ಯುರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಹಾಕಿದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದಿಂದ ಹೊಸದಾಗಿ ಸೇರುವ ಇಂಥವರಿಗೆ ಮಾಸ್ಟರ್ಸ್‌ನಲ್ಲಿ ಸೆಮಿಸ್ಟರಿಗೆ 4,000ದಿಂದ 6,000 ಯೂರೊ ನಿಗದಿ ಮಾಡಿದೆ.

ಬಾಡೆನ್-ವುರ್ಟೆಂಬರ್ಗ್‌ನ ಹೆಸರು ಬಂದಾಗ ಟ್ಯೂಬಿಂಗನ್ ನೆನಪಾಗದೆ ಇರದು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ಹೊರತಂದ ಹರ್ಮನ್ ಮೋಗ್ಲಿಂಗ್ ಓದಿದ್ದು ಅಲ್ಲೇ. ಅದೇ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೂ, 1894ರಲ್ಲಿ ಕನ್ನಡ ನಿಘಂಟು ಪ್ರಕಟಿಸಿದ ಫರ್ಡಿನಾಂಡ್ ಕಿಟೆಲ್‌ಗೆ 1896ರಲ್ಲೂ ಗೌರವ ಡಾಕ್ಟರೇಟ್ ಕೊಟ್ಟಿತು. ಕನ್ನಡಕ್ಕಾಗಿ ಮಾಡಿದ ಕೆಲಸವನ್ನು ಗುರುತಿಸಿದ ಆ ಊರಿನಲ್ಲಿ ಇವತ್ತು ಕನ್ನಡದ ಮಗು ಓದಲು ಹೋದರೆ ಸೆಮಿಸ್ಟರಿಗೆ 1,500 ಯೂರೊ ತೆರಬೇಕು ಎಂಬುದು ನನಗೆ ನೋವಿನ ಸಂಗತಿ. ಉಳಿದ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕೋರ್ಸುಗಳಿಗೆ ಈಗಲೂ ಬೋಧನಾ ಶುಲ್ಕವಿಲ್ಲ. ವಿದ್ಯಾರ್ಥಿ ಸೌಲಭ್ಯಗಳಿಗೆಂದು ಸೆಮಿಸ್ಟರಿಗೆ ಕೆಲವು ನೂರು ಯೂರೊ ವಂತಿಗೆ ಇರುತ್ತದೆ. ಬಸ್ಸು ರೈಲಿನ ಪಾಸು ಹಲವು ಕಡೆ ಅದರಲ್ಲೇ ಸೇರಿರುತ್ತದೆ.

ನಿಜವಾದ ಹಣದ ಪ್ರಶ್ನೆ ಎದುರಾಗುವುದು ಬ್ಲಾಕ್ಡ್ ಅಕೌಂಟಿನಲ್ಲಿ. ಒಂದು ವರ್ಷದ ಜೀವನ ನಿರ್ವಹಣೆಗೆ ಸಾಕಾಗುವಷ್ಟು ಹಣವನ್ನು ಮೊದಲೇ ಒಂದು ಖಾತೆಯಲ್ಲಿ ಕಟ್ಟಿಹಾಕಿ ತೋರಿಸಬೇಕು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ ಇಷ್ಟೇ ಎಂದು ಬಿಡುತ್ತಾರೆ. 2024ರ ಸೆಪ್ಟೆಂಬರಿನಿಂದ ಈ ಮೊತ್ತ 11,904 ಯೂರೊ, ಅಂದರೆ ತಿಂಗಳಿಗೆ 992. ಜರ್ಮನ್ ವಿದ್ಯಾರ್ಥಿಗಳಿಗೆ ಅಲ್ಲಿಯ ಸರ್ಕಾರ ಕೊಡುವ ‘ಬಾಫೋಗ್’ ನೆರವಿನ ಗರಿಷ್ಠ ಮಿತಿಯೇ ಇದಕ್ಕೆ ಅಳತೆಗೋಲು. ಅದು ಏರಿದಾಗ ಇದೂ ಏರುತ್ತದೆ. ನಮ್ಮ ದುಡ್ಡಿನಲ್ಲಿ ಹತ್ತರಿಂದ ಹನ್ನೆರಡು ಲಕ್ಷ. ಶುಲ್ಕವಿಲ್ಲದ ಓದಿಗೆ ಮನೆಯ ಪತ್ರ ಅಡವಿಡುವ ಪರಿಸ್ಥಿತಿ ಬರುವುದು ಹೀಗೆ. ಈ ಹಣ ಯಾರಿಗೂ ಹೋಗುವುದಿಲ್ಲ, ಮಗು ತಾನೇ ಖರ್ಚು ಮಾಡುತ್ತದೆ ಎಂಬುದು ನಿಜ. ಆದರೂ ಒಂದೇ ಸಲ ಅಷ್ಟನ್ನು ಹೊಂದಿಸುವುದು ಹೊಟ್ಟೆ ಬಟ್ಟೆ ಕಟ್ಟಿ ಬದುಕುವವರಿಗೆ ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳು ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ವಿದೇಶ ವ್ಯಾಸಂಗ ವಿದ್ಯಾರ್ಥಿವೇತನವನ್ನು ಮರೆಯದೆ ನೋಡಬೇಕು. ಎರಡು ವರ್ಷ ಕೆಲಸದ ಅನುಭವ ಇರುವವರಿಗೆ ಜರ್ಮನಿಯ ಡಿಎಎಡಿ ಸಂಸ್ಥೆಯ ಅಭಿವೃದ್ಧಿ ಸಂಬಂಧಿ ಸ್ನಾತಕೋತ್ತರ ವಿದ್ಯಾರ್ಥಿವೇತನಗಳಿವೆ.

ಅರೆಕಾಲಿಕ ಕೆಲಸ ಮಾಡಿ ಸಾಲ ತೀರಿಸುತ್ತೇನೆ ಎಂಬ ಲೆಕ್ಕ ಹಾಕುವವರು ಸ್ವಲ್ಪ ತಡೆಯಬೇಕು. 2024ರ ಮಾರ್ಚಿನಿಂದ ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಅದು ತಿಂಗಳ ಖರ್ಚಿಗೆ ಒದಗಬಹುದು, ಸಾಲಕ್ಕೆ ಸಾಲದು. ಮತ್ತೆ ಕೆಲಸ ಸಿಗಲು ಜರ್ಮನ್ ಬೇಕು. ಕೋರ್ಸು ಇಂಗ್ಲಿಷಿನಲ್ಲಿದ್ದರೂ ಬಾಡಿಗೆ ಕರಾರು, ವೈದ್ಯರ ಭೇಟಿ, ಸಣ್ಣ ಕಾರ್ಖಾನೆಯ ಇಂಟರ್ನ್‌ಶಿಪ್ ಎಲ್ಲವೂ ಜರ್ಮನ್ನಿನಲ್ಲೇ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಉಳಿಯಬಹುದು. ಆ ಅವಧಿಯಲ್ಲಿ ಭಾಷೆ ಬಂದವರಿಗೂ ಬಾರದವರಿಗೂ ಇರುವ ಅಂತರ ಎದ್ದು ಕಾಣುತ್ತದೆ. ಜರ್ಮನ್ ಕಲಿಯಲು ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಎರಡನೇ ವರ್ಷದಿಂದಲೇ ಹೋಗತೊಡಗಿದವರು ಬಿ1 ಮಟ್ಟ ದಾಟಿಕೊಂಡೇ ವಿಮಾನ ಹತ್ತಬಹುದು.

ಈಗ ಕನ್ಸಲ್ಟೆನ್ಸಿಗಳ ಮಾತು. ಪ್ರಾಮಾಣಿಕವಾಗಿ ಕೆಲಸ ಮಾಡುವವರು ಇದ್ದಾರೆ. ಆದರೆ ಹಣ ಹೇಗೆ ಹರಿಯುತ್ತದೆ ಎಂದು ಪೋಷಕರಿಗೆ ತಿಳಿದಿರಬೇಕು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಯನ್ನು ತಂದುಕೊಟ್ಟದ್ದಕ್ಕೆ ಕಮಿಷನ್ ಕೊಡುವುದಿಲ್ಲ. ಶುಲ್ಕ ವಸೂಲಿ ಮಾಡುವ ಖಾಸಗಿ ಸಂಸ್ಥೆಗಳಲ್ಲಿ ಹಲವು ಕೊಡುತ್ತವೆ. ‘ಸರ್ಕಾರಿಯಲ್ಲಿ ನಿಮಗೆ ಕಷ್ಟ, ಇಲ್ಲಿ ಒಂದು ವಾರದಲ್ಲಿ ಅಡ್ಮಿಷನ್’ ಎಂಬ ಸಲಹೆ ಬಂದಾಗ ಇದನ್ನು ನೆನಪಿಸಿಕೊಳ್ಳಿ. ಖಾಸಗಿಯವೆಲ್ಲ ಕೆಟ್ಟವಲ್ಲ. ಆದರೂ ರಾಜ್ಯದ ಮಾನ್ಯತೆ ಇದೆಯೇ, ತರಗತಿಗಳು ಕ್ಯಾಂಪಸ್ಸಿನಲ್ಲೇ ನಡೆಯುತ್ತವೆಯೇ ಎಂದು ಲಿಖಿತವಾಗಿ ಕೇಳಿ ತಿಳಿಯಬೇಕು. ಬೋಧನೆಯ ದೊಡ್ಡ ಪಾಲು ಆನ್‌ಲೈನ್ ಎಂಬ ಕಾರಣಕ್ಕೆ ಬರ್ಲಿನ್‌ನಲ್ಲಿ ಖಾಸಗಿ ಸಂಸ್ಥೆಯೊಂದರ ಭಾರತೀಯ ವಿದ್ಯಾರ್ಥಿಗಳ ವಾಸದ ಪರವಾನಗಿಯೇ 2025ರಲ್ಲಿ ತೊಡಕಿಗೆ ಸಿಕ್ಕಿತು. ಇಪ್ಪತ್ತು ಲಕ್ಷದ ಸಾಲ ತಲೆಯ ಮೇಲಿಟ್ಟುಕೊಂಡು ಅನ್ಯದೇಶದಲ್ಲಿ ಆ ಸುದ್ದಿ ಕೇಳುವ ಮಗುವನ್ನು ಊಹಿಸಿಕೊಂಡರೆ ಎದೆ ಒಡೆಯುತ್ತದೆ.

ಈ ಅರ್ಜಿಯನ್ನು ವಿದ್ಯಾರ್ಥಿಯೇ ಮಾಡಬೇಕು ಎಂದು ನಾನು ಹಟ ಹಿಡಿಯುವುದು ಬರೀ ದುಡ್ಡಿನ ಉಳಿತಾಯಕ್ಕಲ್ಲ. ನಿಯಮ ಓದುವುದು, ದಾಖಲೆ ಜೋಡಿಸುವುದು, ಸಂದೇಹ ಬಂದಾಗ ಕೋರ್ಸಿನ ಸಂಯೋಜಕರಿಗೆ ನಾಲ್ಕು ಸಾಲಿನ ಇ–ಮೇಲ್ ಬರೆದು ಕೇಳುವುದು, ಕಡೆಯ ದಿನ ಗಮನದಲ್ಲಿಡುವುದು, ಇವೇ ಅಲ್ಲಿಯ ದಿನನಿತ್ಯದ ಬದುಕು. ಪರೀಕ್ಷೆಗೆ ಹೆಸರು ನೋಂದಾಯಿಸುವುದೂ ವಿದ್ಯಾರ್ಥಿಯದೇ ಹೊಣೆ. ಕಾಲೇಜಿನ ಗುಮಾಸ್ತರು ಕರೆದು ನೆನಪಿಸುವುದಿಲ್ಲ. ಏಜೆಂಟರ ಕೈಗೆ ಎಲ್ಲ ಒಪ್ಪಿಸಿ ಹೋದವರು ಇದನ್ನೆಲ್ಲ ಅಲ್ಲಿ ಒಂಟಿಯಾಗಿ, ಚಳಿಯಲ್ಲಿ, ಬೇರೆ ಭಾಷೆಯಲ್ಲಿ ಕಲಿಯಬೇಕಾಗುತ್ತದೆ. 2024–25ರ ಚಳಿಗಾಲದ ಸೆಮಿಸ್ಟರಿನಲ್ಲಿ ಅಲ್ಲಿ ಓದುತ್ತಿದ್ದ ಭಾರತೀಯರು 60 ಸಾವಿರದ ಹತ್ತಿರ. ವಿದೇಶಿ ವಿದ್ಯಾರ್ಥಿಗಳಲ್ಲಿ ನಮ್ಮವರೇ ಅತಿ ಹೆಚ್ಚು. ಅವರಲ್ಲಿ ಕನ್ನಡದ ಮಕ್ಕಳೂ ಎಷ್ಟೋ ಮಂದಿ. ನಿಮ್ಮ ಕಾಲೇಜಿನ ಹಿರಿಯರನ್ನು ಹುಡುಕಿ ಮಾತಾಡಿಸಿದರೆ ಸಂಕೋಚವಿಲ್ಲದೆ ಹೇಳಿಕೊಡುತ್ತಾರೆ.

ವೀಸಾದ ಹಂತದಲ್ಲೂ ಇದೇ ತಿಳಿವಳಿಕೆ ಕೈಹಿಡಿಯುತ್ತದೆ. ಈ ಕೋರ್ಸು ಯಾಕೆ, ಇದರಲ್ಲಿ ಏನೇನು ಓದುತ್ತೀರಿ ಎಂದು ಕೇಳಿದಾಗ ತಾನೇ ಆರಿಸಿದವರು ತಡವರಿಸುವುದಿಲ್ಲ. ಮೊದಲು ವೀಸಾ ತಿರಸ್ಕಾರವಾದರೆ ಪುನರ್‌ಪರಿಶೀಲನೆಗೆ ಮನವಿ ಸಲ್ಲಿಸಬಹುದಿತ್ತು. 2025ರ ಜುಲೈ 1ರಿಂದ ಜರ್ಮನಿ ಆ ಅವಕಾಶವನ್ನು ತೆಗೆದುಹಾಕಿದೆ. ಈಗ ಹೊಸದಾಗಿ ಅರ್ಜಿ ಹಾಕಬೇಕು, ಇಲ್ಲವೇ ಬರ್ಲಿನ್‌ನ ಆಡಳಿತ ನ್ಯಾಯಾಲಯಕ್ಕೆ ಹೋಗಬೇಕು. ಹಾಗಾಗಿ ಮೊದಲ ಸಲವೇ ಕಡತ ಪೂರ್ಣವಾಗಿರಲಿ.

ಇನ್ನೊಂದು ವಿಷಯ, ಮನೆಯದು. ಮ್ಯೂನಿಕ್, ಬರ್ಲಿನ್, ಫ್ರಾಂಕ್‌ಫರ್ಟ್‌ಗಳಲ್ಲಿ ಕೊಠಡಿ ಸಿಗುವುದು ಪ್ರವೇಶಕ್ಕಿಂತ ಕಷ್ಟವಾಗಿದೆ. ಕೊಠಡಿಯ ಫೋಟೊ ಕಳಿಸಿ, ಬೀಗದ ಕೈ ಅಂಚೆಯಲ್ಲಿ ಬರುತ್ತದೆ ಎಂದು ನಂಬಿಸಿ ಮುಂಗಡ ಕೇಳುವವರು ವಂಚಕರು. ಒಂದು ಯೂರೊ ಕೂಡ ಕಳಿಸಬೇಡಿ. ಊರು ಸೇರಿ ಮನೆ ಹಿಡಿದ ಎರಡು ವಾರದಲ್ಲಿ ಪುರಸಭೆಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ಸಹಿಯ ಪತ್ರ ಬೇಕು. ಅಗ್ಗದ ಸರ್ಕಾರಿ ಹಾಸ್ಟೆಲ್‌ಗಳನ್ನು ನಡೆಸುವುದು ‘ಶ್ಟುಡೀರೆಂಡೆನ್‌ವೆರ್ಕ್’ ಎಂಬ ಸಂಸ್ಥೆ. ಅಲ್ಲಿಯ ಕಾಯುವ ಪಟ್ಟಿ ಕೆಲವು ಊರುಗಳಲ್ಲಿ ಎರಡು ಸೆಮಿಸ್ಟರಿಗೂ ಮೀರಿ ಬೆಳೆಯುತ್ತದೆ. ವೀಸಾ ಬರಲಿ ಎಂದು ಕಾಯದೆ, ಪ್ರವೇಶ ಪತ್ರ ಕೈಸೇರಿದ ದಿನವೇ ಅದಕ್ಕೆ ಹೆಸರು ಬರೆಸಿಬಿಡಿ.